ಹಳೆ ರೈಲುದಾರಿ, ಕಾಲುವೆ ದಂಡೆಯ ಮೇಲೆ ಸೈಕಲ್: ಫ್ರಾನ್ಸಿಗೆ ಹೊರಟವರಿಗೂ ಇಲ್ಲಿ ದಾರಿ ಕಟ್ಟುವವರಿಗೂ

ಮಾನ್ಯ ಸಂಪಾದಕರಿಗೆ,

ಮಂಗಳೂರು, ಉಡುಪಿ ಕಡೆ ಸೈಕಲ್ ಪಥದ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯ ಕೇಳಿಬರುತ್ತವೆ. ಅದೆಲ್ಲ ಯುರೋಪಿನವರಿಗೆ ಸರಿ, ನಮ್ಮಲ್ಲಿ ಜಾಗ ಎಲ್ಲಿದೆ ಎನ್ನುವುದು ಒಂದು. ಕಡಲ ಬದಿಯಲ್ಲಿ ಬಣ್ಣದ ಇಂಟರ್‌ಲಾಕ್ ಹಾಸಿ ರಿಬ್ಬನ್ ಕತ್ತರಿಸಿದರೆ ಆಯಿತು ಎನ್ನುವುದು ಇನ್ನೊಂದು. ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ಕಾರು, ಲಾರಿಗಳ ಕಾಟವಿಲ್ಲದೆ ನೂರಾರು ಕಿಲೋಮೀಟರ್ ಸಾಗುವ ಸೈಕಲ್ ದಾರಿಗಳನ್ನು ನೋಡಿದರೆ ಎರಡೂ ತಪ್ಪೆಂದು ತಿಳಿಯುತ್ತದೆ. ಅಲ್ಲಿನವರು ಹೊಸ ಜಾಗ ಹುಡುಕುತ್ತಾ ಕೂರಲಿಲ್ಲ. ರೈಲು ನಿಂತುಹೋದ ಹಳಿಗಳ ಜಾಗವನ್ನೂ ಹಳೆಯ ಕಾಲುವೆಗಳ ದಂಡೆಯನ್ನೂ ಬಳಸಿಕೊಂಡರು. ದಾರಿ ಹಾಸಿದ ಮೇಲೆ ಅದನ್ನು ವರ್ಷವರ್ಷವೂ ನೋಡಿಕೊಳ್ಳುತ್ತಿದ್ದಾರೆ.

ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಈಗ ಯುರೋಪಿನಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅವರನ್ನು ನೋಡಲು ಹೋಗುವ ಹಿರಿಯರು ಪ್ಯಾರಿಸ್ಸಿನ ಗೋಪುರ ನೋಡಿ ಮರಳುತ್ತಾರೆ. ಐವತ್ತು, ಅರವತ್ತು ದಾಟಿದವರೂ ಆರಾಮಾಗಿ ಸೈಕಲ್ ತುಳಿಯಬಹುದಾದ ದಾರಿ ಒಂದು ಟಿಕೆಟ್ಟಿನ ದೂರದಲ್ಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಂಥವರಿಗೆ ಬೇಕಾದ ವಿವರಗಳನ್ನೂ, ನಮ್ಮ ಎರಡು ಜಿಲ್ಲೆಗಳಲ್ಲಿ ದಾರಿ ಕಟ್ಟಲು ಹೊರಡುವವರು ಗಮನಿಸಬೇಕಾದ ಸಂಗತಿಗಳನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಆದರೂ ಪೂರ್ತಿ ಪ್ರಕಟಿಸಬೇಕೆಂದು ಕೋರಿಕೆ.

ಮೊದಲು ಎರಡು ಹೆಸರು ತಿಳಿದಿರಬೇಕು. ‘ವ್ವಾ ವೆರ್ತ್’ ಎಂದರೆ ಪಾದಚಾರಿಗಳಿಗೂ ಮೋಟಾರಿಲ್ಲದ ವಾಹನಗಳಿಗೂ ಮೀಸಲಾದ ದಾರಿ. 2004ರಲ್ಲಿ ಅಲ್ಲಿನ ಸಂಚಾರ ನಿಯಮದಲ್ಲೇ ಇದಕ್ಕೆ ಜಾಗ ಸಿಕ್ಕಿತು. ನೀಲಿ ಚೌಕದ ಫಲಕದಲ್ಲಿ ಪಾದಚಾರಿ ಮತ್ತು ಸೈಕಲ್ ಚಿತ್ರ ಕಂಡರೆ ಅದು ಈ ದಾರಿ. ‘ವೆಲೊರೂತ್’ ಎಂದರೆ ಸೈಕಲ್ಲಿಗೆಂದು ಗುರುತಿಸಿದ ದೂರದ ಮಾರ್ಗ. ಅದರಲ್ಲಿ ವ್ವಾ ವೆರ್ತ್ ತುಂಡುಗಳೂ ಇರುತ್ತವೆ, ವಾಹನ ಕಡಿಮೆ ಓಡಾಡುವ ಹಳ್ಳಿ ರಸ್ತೆಗಳೂ ಇರುತ್ತವೆ. ಹೊಸಬರು ಮೋಸ ಹೋಗುವುದು ಇಲ್ಲಿಯೇ. ಲ್ವಾರ್ ನದಿಯ ಉದ್ದಕ್ಕೂ ಸುಮಾರು 900 ಕಿ.ಮೀ. ಸಾಗುವ ‘ಲ್ವಾರ್ ಆ ವೆಲೊ’ ಬಹಳ ಪ್ರಸಿದ್ಧ ಮಾರ್ಗ, ಆದರೆ ಅದು ವೆಲೊರೂತ್. ನದಿಯ ಒಡ್ಡಿನ ಮೇಲಿನ ಡಾಂಬರು ರಸ್ತೆಯಲ್ಲಿ ಆಗಾಗ ಕಾರು ಬರುತ್ತದೆ. ಪುಟ್ಟ ಮಕ್ಕಳನ್ನು ಕರೆದೊಯ್ಯುವವರು, ವರ್ಷಗಟ್ಟಲೆ ಸೈಕಲ್ ಮುಟ್ಟದವರು ನಕ್ಷೆಯಲ್ಲಿ ವ್ವಾ ವೆರ್ತ್ ಎಂದು ಗುರುತಿರುವ ತುಂಡುಗಳನ್ನೇ ಆರಿಸಿಕೊಳ್ಳಬೇಕು. ಇದಕ್ಕೆ ‘ಫ್ರಾನ್ಸ್ ವೆಲೊ ತುರಿಸ್ಮ್’ ತಾಣದ ನಕ್ಷೆ ನೆರವಾಗುತ್ತದೆ.

ಈ ದಾರಿಗಳು ಇಷ್ಟು ಸಮತಟ್ಟಾಗಿರಲು ಕಾರಣ ಅವುಗಳ ಹುಟ್ಟಿನಲ್ಲಿದೆ. 1879ರಲ್ಲಿ ಲೋಕೋಪಯೋಗಿ ಸಚಿವ ಶಾರ್ಲ್ ದ ಫ್ರೆಸಿನೆ ಹೆಸರಿನ ಯೋಜನೆಯಡಿ ಸಣ್ಣ ಊರುಗಳಿಗೂ ರೈಲು ಮುಟ್ಟಿಸುವ ಕೆಲಸ ಶುರುವಾಯಿತು. ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಾಲುವೆಗಳ ಲಾಕ್‌ಗೇಟುಗಳಿಗೂ 39 ಮೀಟರ್ ಉದ್ದ, 5.2 ಮೀಟರ್ ಅಗಲವೆಂಬ ಏಕರೂಪದ ಅಳತೆ ಬಂತು. ಮುಂದೆ ಬಸ್ಸು, ಲಾರಿಗಳು ಬಂದ ಮೇಲೆ ಸಣ್ಣ ರೈಲು ಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಹಳಿ ಕಿತ್ತರೂ ಗುಡ್ಡ ಕಡಿದು, ತಗ್ಗು ತುಂಬಿಸಿ ಮಾಡಿದ ನೆಲ ಉಳಿಯಿತು. ಉಗಿ ಇಂಜಿನ್ ಕಡಿದಾದ ಏರು ಹತ್ತಲಾರದು. ಆದ್ದರಿಂದ ಇಂಥ ದಾರಿಯಲ್ಲಿ 100 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಏರುವುದು ಅಪರೂಪ. ಉಡುಪಿಯಿಂದ ಮಣಿಪಾಲಕ್ಕೆ ಸೈಕಲ್ ತುಳಿದು ಏದುಸಿರು ಬಿಟ್ಟವರಿಗೆ ಇಲ್ಲಿ ಏರು ಇದೆ ಎಂದೇ ತಿಳಿಯುವುದಿಲ್ಲ.

ಕಾಲುವೆಯ ದಂಡೆ ಇನ್ನೂ ಸಲೀಸು. ದೋಣಿಗೆ ಹಗ್ಗ ಕಟ್ಟಿ ದಡದಲ್ಲಿ ಕುದುರೆ ನಡೆಸಿ ಎಳೆಯುತ್ತಿದ್ದ ದಾರಿ ಅದು. ನೀರು ಸಮನಾಗಿದ್ದಷ್ಟು ದೂರ ದಾರಿಯೂ ಸಮ. ಲಾಕ್‌ಗೇಟ್ ಬಂದಲ್ಲಿ ಮಾತ್ರ ಒಂದೇ ಸಲ ಎರಡು ಮೂರು ಮೀಟರ್ ಏರಬೇಕು. ಈ ಪುಟ್ಟ ಏರನ್ನು ಹಗುರವಾಗಿ ಕಾಣಬಾರದು. ದೂರದಿಂದ ಲಾಕ್ ಕಾವಲುಗಾರನ ಮನೆ, ಅದರ ಕಿಟಕಿಯ ಹೂಕುಂಡ ಕಾಣಿಸುತ್ತವೆ. ಹತ್ತಿರ ಬರುತ್ತಲೇ ದಾರಿ ತಟ್ಟನೆ ಏರಿ, ಕಲ್ಲಿನ ಅಂಚಿನಲ್ಲಿ ತಿರುಗಿ, ಕಿರಿದಾದ ಸೇತುವೆಯ ಪಕ್ಕ ಹಾಯುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ ಹದಿನೈದು ಕಿಲೋ ಹೇರಿಕೊಂಡು ದೊಡ್ಡ ಗೇರಿನಲ್ಲೇ ಅಲ್ಲಿಗೆ ಹೋದರೆ ಪೆಡಲ್ ನಿಲ್ಲುತ್ತದೆ, ಸೈಕಲ್ ವಾಲುತ್ತದೆ. ಒಂದು ಬದಿಯಲ್ಲಿ ನೀರು, ತಡೆಬೇಲಿ ಇಲ್ಲ. ಕಾವಲುಗಾರನ ಮನೆ ಕಂಡ ಕೂಡಲೇ ಎರಡು ಗೇರ್ ಇಳಿಸಿಕೊಳ್ಳುವುದು ಅಭ್ಯಾಸವಾಗಬೇಕು.

ಇನ್ನು ದಾರಿಯ ಆಯ್ಕೆ. ನೋಟ ಚೆನ್ನಾಗಿದೆಯೇ ಎಂದು ಕೇಳುವ ಮೊದಲು ಮೇಲ್ಮೈ ಏನು ಎಂದು ಕೇಳಬೇಕು. ದಿನಕ್ಕೆ ಅರವತ್ತು ಕಿ.ಮೀ. ಆಗುತ್ತದೋ ಮೂವತ್ತಕ್ಕೇ ಸಾಕಾಗುತ್ತದೋ ಎಂಬುದು ಅದರ ಮೇಲಿದೆ.

ಮೊದಲ ಸಲ ಹೋಗುವವರಿಗೆ ಬುರ್ಗುಂದಿ ಸೀಮೆಯ ಜಿವ್ರಿಯಿಂದ ಕ್ಲ್ಯುನಿಗೆ ಹೋಗುವ ದಾರಿ ಬಹಳ ಒಳ್ಳೆಯದು. ಸುಮಾರು 44 ಕಿ.ಮೀ. ಉದ್ದದ ಹಳೆ ರೈಲು ಮಾರ್ಗ, ಪೂರ್ತಿ ಡಾಂಬರು. 1990ರ ದಶಕದ ಕೊನೆಯಲ್ಲಿ ತೆರೆದ ಇದನ್ನು ಫ್ರಾನ್ಸಿನ ಮೊದಲ ವ್ವಾ ವೆರ್ತ್ ಎನ್ನುತ್ತಾರೆ. ಹಳೆ ಸ್ಟೇಶನ್ನುಗಳು ಇನ್ನೂ ನಿಂತಿವೆ, ಎರಡು ಬದಿ ದ್ರಾಕ್ಷಿ ತೋಟ. ಕ್ಲ್ಯುನಿಯಿಂದ ಮಾಕೋನ್ ಕಡೆ ಮುಂದುವರಿದರೆ ಬ್ವಾ ಕ್ಲೇರ್ ಸುರಂಗ ಸಿಗುತ್ತದೆ. ಉದ್ದ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು. ಬೇಸಿಗೆಯಲ್ಲೂ ಒಳಗೆ ಚಳಿ ಹಿಡಿಯುತ್ತದೆ, ಆದ್ದರಿಂದ ಜಾಕೆಟ್ಟು ಬ್ಯಾಗಿನ ತಳದಲ್ಲಿರದೆ ಕೈಗೆ ಸಿಗುವಂತಿರಬೇಕು. ಚಳಿಗಾಲದಲ್ಲಿ ಅಲ್ಲಿ ಬಾವಲಿಗಳು ನಿದ್ರಿಸುವುದರಿಂದ ಸುರಂಗ ಮುಚ್ಚಿರುತ್ತದೆ. ಆಗ ಗುಡ್ಡ ಹತ್ತಿ ಇಳಿಯುವ ಬದಲಿ ದಾರಿಯೇ ಗತಿ.

ಬೋರ್ಡೊ ನಗರದ ಹೊರವಲಯದಿಂದ ಸೊವ್‌ತೇರ್ ದ ಗ್ವಿಯೆನ್ ಊರಿಗೆ ಹೋಗುವ 50 ಕಿ.ಮೀ. ಮೀರಿದ ಇನ್ನೊಂದು ರೈಲುದಾರಿಗೆ ರೊಜೆ ಲಾಪೆಬಿ ಹೆಸರಿಟ್ಟಿದ್ದಾರೆ. 1937ರ ಟೂರ್ ದ ಫ್ರಾನ್ಸ್ ಗೆದ್ದ ಬೋರ್ಡೊ ಸೀಮೆಯ ಸವಾರ ಅವರು. ಆನ್ಸಿ ಸರೋವರದ ಪಶ್ಚಿಮ ದಡದ್ದೂ ರೈಲುದಾರಿಯೇ, ನೋಟಕ್ಕೆ ಸಾಟಿಯಿಲ್ಲ. ಆದರೆ ಭಾನುವಾರ ಜಾತ್ರೆಯಷ್ಟು ಜನ. ಅಲ್ಲಿಗೆ ವಾರದ ನಡುವೆ, ಬೆಳಿಗ್ಗೆ ಬೇಗ ಹೋಗುವುದು ಲೇಸು.

ಹಲವು ದಿನದ ಪ್ರವಾಸಕ್ಕೆ ನಾವು ಎಲ್ಲಕ್ಕಿಂತ ಮೊದಲು ಹೇಳುವುದು ಗಾರೊನ್ ಕಾಲುವೆ. ಬೋರ್ಡೊ ಕಡೆಯ ಕಾಸ್ತೆ ಆನ್ ದೋರ್ತ್‌ನಿಂದ ತುಲೂಸ್‌ವರೆಗೆ 193 ಕಿ.ಮೀ., ಡಾಂಬರು ಹಾಸಿದ ದಂಡೆ, ಮರಗಳ ನೆರಳು. ಅಜಾನ್ ಎಂಬಲ್ಲಿ ಇಡೀ ಕಾಲುವೆಯೇ 23 ಕಮಾನುಗಳ, 539 ಮೀಟರ್ ಉದ್ದದ ಕಲ್ಲಿನ ಸೇತುವೆಯ ಮೇಲೆ ಗಾರೊನ್ ನದಿಯನ್ನು ದಾಟುತ್ತದೆ. ಕೆಳಗೆ ನದಿ, ಪಕ್ಕದಲ್ಲಿ ದೋಣಿ, ನಡುವೆ ನಿಮ್ಮ ಸೈಕಲ್. ಬೋರ್ಡೊ–ತುಲೂಸ್ ರೈಲು ಮಾರ್ಗವೂ ಇದರ ಬಳಿಯಲ್ಲೇ ಸಾಗುವುದು ದೊಡ್ಡ ಅನುಕೂಲ. ಮಾರ್ಮಾಂದ್, ಅಜಾನ್, ಮ್ವಾಸಾಕ್, ಮೊಂತೊಬಾನ್ ಎಲ್ಲ ಕಡೆ ಸ್ಟೇಶನ್ ಇದೆ. ಕಾಲು ಸೋತರೆ, ಮಳೆ ಹಿಡಿದರೆ ರೈಲು ಹತ್ತಿ ಮುಂದಿನ ಊರಿಗೆ ಹೋಗಬಹುದು. ಪಕ್ಕದಲ್ಲಿ ರೈಲು ಇರುವ ಕಾಲುವೆಯನ್ನೇ ಹಿರಿಯರು ಆರಿಸಬೇಕೆಂದು ಒತ್ತಿ ಹೇಳುತ್ತೇವೆ.

ತುಲೂಸ್‌ನಿಂದ ಮೆಡಿಟರೇನಿಯನ್ ಕಡೆ ಮುಂದುವರಿಯುವುದು ಮಿದಿ ಕಾಲುವೆ. ಪಿಯೆರ್ ಪೋಲ್ ರಿಕೆ 1666ರಿಂದ 1681ರ ನಡುವೆ ಕಟ್ಟಿಸಿದ 240 ಕಿ.ಮೀ. ಕಾಲುವೆ ಇದು. 1996ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೆಸರು ಕೇಳಿ ಎಲ್ಲರೂ ಇಲ್ಲಿಗೇ ಓಡುತ್ತಾರೆ, ಆದರೆ ಮೇಲ್ಮೈ ಹೇಗಿದೆಯೆಂದು ಯಾರೂ ಹೇಳಿರುವುದಿಲ್ಲ. ತುಲೂಸ್‌ನಿಂದ ಸುಮಾರು 50 ಕಿ.ಮೀ. ನೊರೂಜ್ ದಿಬ್ಬದ ಕಡೆಗೆ ಡಾಂಬರು ಚೆನ್ನಾಗಿದೆ. ಸಮುದ್ರ ಮಟ್ಟದಿಂದ 189 ಮೀಟರ್ ಎತ್ತರದ ಆ ದಿಬ್ಬವೇ ಇಡೀ ಕಾಲುವೆಯ ನೆತ್ತಿ. ಅದನ್ನು ದಾಟಿದ ಮೇಲೆ ಬಹಳ ಕಡೆ ಮಣ್ಣು, ಜಲ್ಲಿ, ಮರದ ಬೇರು. ಕೆಲವು ಕಡೆ ಒಂದು ಗೇಣು ಅಗಲದ ಕಾಲುದಾರಿಯಷ್ಟೇ ಉಳಿಯುತ್ತದೆ. ಬೇರುಗಳ ಮೇಲೆ ದಿನವಿಡೀ ಕುಟ್ಟಿಸಿಕೊಂಡು ಹೋದರೆ ಮೊದಲು ಸಡಿಲವಾಗುವುದು ಕ್ಯಾರಿಯರಿನ ಬೋಲ್ಟು. ಅದು ಬಿದ್ದರೆ ಬ್ಯಾಗು ಹಿಂದಿನ ಚಕ್ರಕ್ಕೆ ತಾಗುತ್ತದೆ. ನೆರಳೂ ಮೊದಲಿನಂತಿಲ್ಲ. 2006ರಲ್ಲಿ ಅಲ್ಲಿನ ‘ಪ್ಲೇನ್’ ಎಂಬ ಜಾತಿಯ ಸಾಲುಮರಗಳಿಗೆ ಶಿಲೀಂಧ್ರ ರೋಗ ಬಂದದ್ದು ಪತ್ತೆಯಾಯಿತು. ಮದ್ದಿಲ್ಲದ ರೋಗವಾದ್ದರಿಂದ ಸಾವಿರಾರು ಮರಗಳನ್ನು ಕಡಿದು ಸುಟ್ಟು, ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಜುಲೈ ಬಿಸಿಲಿನಲ್ಲಿ ಆ ಬೋಳು ದಂಡೆಯಲ್ಲಿ ಹೋಗುವವರು ಎರಡು ಬಾಟಲಿಗೆ ಬದಲು ಮೂರು ಬಾಟಲಿ ನೀರು ಇಟ್ಟುಕೊಳ್ಳಬೇಕು.

ವಾಯುವ್ಯ ಫ್ರಾನ್ಸಿನ ಬ್ರಿಟನಿ ಸೀಮೆಯ ನಾಂತ್–ಬ್ರೆಸ್ತ್ ಕಾಲುವೆ 364 ಕಿ.ಮೀ. ಉದ್ದ. ಇಂಗ್ಲಿಷರ ನೌಕಾಪಡೆಯ ಕಣ್ಣು ತಪ್ಪಿಸಿ ಒಳನಾಡಿನಿಂದಲೇ ಬಂದರಿಗೆ ಸಾಮಾನು ಸಾಗಿಸಲೆಂದು ನೆಪೋಲಿಯನ್ ಕಾಲದಲ್ಲಿ ಶುರುವಾದದ್ದು. ಜೋಸಲಿನ್ ಕೋಟೆಯ ಬುಡದಲ್ಲೇ ದಾರಿ ಹೋಗುತ್ತದೆ. ಇಲ್ಲಿ ಡಾಂಬರಿಲ್ಲ, ಸಣ್ಣ ಜಲ್ಲಿ ಮರಳು ಒತ್ತಿ ಗಟ್ಟಿ ಮಾಡಿದ ನೆಲ. ಒಣಗಿದ್ದಾಗ ಬಹಳ ಹಿತ. ಎರಡು ದಿನ ಮಳೆ ಬಂದರೆ ಮರಳು ಚೈನಿಗೆ ಮೆತ್ತಿಕೊಂಡು ಕರಕರ ಅನ್ನುತ್ತದೆ, ಬ್ರೇಕ್ ಪ್ಯಾಡು ಬೇಗ ಸವೆಯುತ್ತದೆ. ಮಳೆಗಾಲದಲ್ಲಿ ಕೆಂಪು ಮಣ್ಣಿನ ರಸ್ತೆಯಲ್ಲಿ ಓಡಿಸಿದ ನಮ್ಮವರಿಗೆ ಇದು ಹೊಸತಲ್ಲ. ಸಂಜೆ ಚೈನನ್ನು ಬಟ್ಟೆಯಲ್ಲಿ ಒರೆಸಿ, ಮಳೆಗೆಂದು ಬರುವ ದಪ್ಪ ಎಣ್ಣೆಯನ್ನು ಗೊಣಸಿಗೊಂದು ಹನಿಯಂತೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಬೇಕು. ಈ ಕಾಲುವೆಯ ನಡುಭಾಗದಲ್ಲಿ ರೈಲು ಇಲ್ಲ. ರೆದೋನ್ ಬಿಟ್ಟ ಮೇಲೆ ನಿಮ್ಮ ಕಾಲೇ ನಿಮಗೆ ಗತಿ.

ಅಟ್ಲಾಂಟಿಕ್ ತೀರದ ‘ವೆಲೊದಿಸೆ’ ರೊಸ್ಕೋಫ್‌ನಿಂದ ಸ್ಪೇನಿನ ಗಡಿಯ ಆಂದಾಯ್‌ವರೆಗೆ 1200 ಕಿ.ಮೀ. ಮೀರುತ್ತದೆ, ಬಹುಪಾಲು ವಾಹನರಹಿತ. ದಕ್ಷಿಣ ಭಾಗದಲ್ಲಿ ಪೈನ್ ಕಾಡಿನೊಳಗೆ ಹೋಗುವಾಗ ಬೇರುಗಳು ಡಾಂಬರನ್ನು ಕೆಳಗಿನಿಂದ ಎತ್ತಿರುತ್ತವೆ, ನೆರಳಿನ ಪಟ್ಟೆಗಳ ನಡುವೆ ಆ ಉಬ್ಬು ಕಾಣುವುದಿಲ್ಲ. ಈ ಕಾಡುಗಳಿಗೆ ಬೆಂಕಿಯ ಭಯವಿದೆ. 2022ರ ಜುಲೈಯಲ್ಲಿ ಲಾ ತೆಸ್ತ್ ದ ಬ್ಯೂಶ್ ಬಳಿ ಭಾರಿ ಕಾಳ್ಗಿಚ್ಚು ಎದ್ದಿತ್ತು. ಬೆಂಕಿಯ ಎಚ್ಚರಿಕೆ ಇರುವ ದಿನ ಕಾಡಿನ ದಾರಿ ಮುಚ್ಚುತ್ತಾರೆ. ಬೇಸಿಗೆಯಲ್ಲಿ ಹೋಗುವವರು ಹೊರಡುವ ಬೆಳಿಗ್ಗೆಯೇ ಊರಿನ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಬೇಕು.

ಯಾವ ತುದಿಯಿಂದ ಶುರು ಮಾಡಬೇಕು ಎನ್ನುವುದನ್ನು ಗಾಳಿ ತೀರ್ಮಾನಿಸಲಿ. ಲ್ವಾರ್ ಕಣಿವೆಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಆದ್ದರಿಂದ ಕಡಲಿನಿಂದ ಒಳನಾಡಿಗೆ ಬಂದರೆ ಬೆನ್ನಿಗೆ ಗಾಳಿ. ನದಿ ಇಳಿಯುವ ದಿಕ್ಕಿನಲ್ಲಿ ಹೋದರೆ ಸುಲಭ ಎಂಬ ಲೆಕ್ಕ ಇಲ್ಲಿ ನಡೆಯದು, ಇಳಿಜಾರು ಅಷ್ಟು ಅಲ್ಪ. ಜಿನೀವಾ ಸರೋವರದಿಂದ ಮೆಡಿಟರೇನಿಯನ್‌ಗೆ ಇಳಿಯುವ 815 ಕಿ.ಮೀ. ಉದ್ದದ ‘ವಿಯಾರೋನಾ’ ಮಾರ್ಗದ ಕೆಳಭಾಗದಲ್ಲಿ ಮಿಸ್ತ್ರಾಲ್ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ. ಅದನ್ನು ಎದುರಿಸಿ ಉತ್ತರಕ್ಕೆ ತುಳಿಯಲು ಹೊರಟವರು ಗಂಟೆಗೆ ಎಂಟು ಕಿ.ಮೀ.ಗೆ ಇಳಿಯುತ್ತಾರೆ.

ಕಾಲವೆಂದರೆ ಏಪ್ರಿಲ್ ಕೊನೆಯಿಂದ ಜೂನ್, ಮತ್ತೆ ಸೆಪ್ಟೆಂಬರ್. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಮೇ ತಿಂಗಳ ಬೆಳಿಗ್ಗೆ ಎಂಟು ಹತ್ತು ಡಿಗ್ರಿಯ ಚಳಿಗೆ ಕರಾವಳಿಯ ಕೈಬೆರಳು ಮರಗಟ್ಟುತ್ತವೆ, ಕೈಗವಸು ಬೇಕೇಬೇಕು. ಚಳಿಗಾಲದಲ್ಲಿ ಲ್ವಾರ್, ಸೋನ್ ನದಿಗಳ ನೆರೆ ದಾರಿಗೆ ಬರುತ್ತದೆ. ಕಾಲುವೆಗಳ ನೀರು ಬಿಟ್ಟು ದುರಸ್ತಿ ಮಾಡುವುದೂ ಆ ತಿಂಗಳುಗಳಲ್ಲೇ. ‘ದೆವಿಯಾಸ್ಯೋನ್’ ಎಂಬ ಹಳದಿ ಫಲಕ ಕಂಡರೆ ಬದಲಿ ದಾರಿ ಹಿಡಿಯಬೇಕು. ಅದನ್ನು ಕಡೆಗಣಿಸಿ ಮುಂದೆ ಹೋದರೆ ಎರಡು ಕಿ.ಮೀ. ಆಚೆ ಅಗೆದ ದಂಡೆ ಎದುರಾಗುತ್ತದೆ.

ಸೈಕಲ್ ಇಲ್ಲಿಂದ ಒಯ್ಯಬೇಕೆ? ಹತ್ತು ದಿನದೊಳಗಿನ ಪ್ರವಾಸಕ್ಕೆ ಬೇಡ. ಅಲ್ಲಿ ಕ್ಯಾರಿಯರ್, ಬ್ಯಾಗು, ಬೀಗದ ಸಮೇತ ಹೈಬ್ರಿಡ್ ಸೈಕಲ್ ಬಾಡಿಗೆಗೆ ಸಿಗುತ್ತದೆ, ಪ್ರಸಿದ್ಧ ಮಾರ್ಗಗಳಲ್ಲಿ ಒಂದೂರಲ್ಲಿ ಹತ್ತಿ ಇನ್ನೊಂದೂರಲ್ಲಿ ಒಪ್ಪಿಸಬಹುದು. ಬ್ಯಾಟರಿ ಸೈಕಲ್ಲಂತೂ ಅಲ್ಲೇ ಪಡೆಯಬೇಕು. 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿ ಪ್ರಯಾಣಿಕ ವಿಮಾನ ಏರುವಂತಿಲ್ಲ, ಸೈಕಲ್ ಬ್ಯಾಟರಿ ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು ಇರುತ್ತದೆ. 25 ಕಿ.ಮೀ. ವೇಗಕ್ಕೆ ಮೋಟಾರು ನಿಲ್ಲುವ, 250 ವ್ಯಾಟಿನ ಬ್ಯಾಟರಿ ಸೈಕಲ್ಲಿಗೆ ವ್ವಾ ವೆರ್ತ್‌ನಲ್ಲಿ ಅಡ್ಡಿಯಿಲ್ಲ.

ತನ್ನದೇ ಸೈಕಲ್ ಬೇಕೆನ್ನುವವರು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಬೇಕು. 15 ಮಿ.ಮೀ. ಸ್ಪ್ಯಾನರಿನಲ್ಲಿ ಪೆಡಲ್ ಬಿಚ್ಚಿ. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ, ಪ್ರದಕ್ಷಿಣವಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಇದನ್ನು ಮರೆತು ಬಲ ಹಾಕಿದರೆ ಕ್ರ್ಯಾಂಕ್ ಹಾಳು. ಗೇರ್ ಬದಲಿಸುವ ಹಿಂದಿನ ಡೀರೈಲರನ್ನು ಅದು ನೇತಾಡುವ ಹ್ಯಾಂಗರಿನಿಂದ ಬಿಚ್ಚಿ ಚೌಕಟ್ಟಿನ ಒಳಬದಿಗೆ ಕಟ್ಟಿ, ಇಲ್ಲವಾದರೆ ಪೆಟ್ಟಿಗೆ ಬಿದ್ದಾಗ ಮೊದಲು ಬಾಗುವುದು ಅದೇ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ ಚಕ್ರ ತೆಗೆದ ಮೇಲೆ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಹಾದಿಯಲ್ಲಿ ಯಾರಾದರೂ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡುಗಳು ಅಂಟಿಕೊಂಡು ಚಕ್ರ ಕೂರುವುದೇ ಇಲ್ಲ.

ಟಯರು 35ರಿಂದ 40 ಮಿ.ಮೀ. ಅಗಲದ್ದಿರಲಿ. ಸಾಮಾನು ಹೇರಿದ 38 ಮಿ.ಮೀ. ಟಯರಿಗೆ 45–55 ಪಿಎಸ್‌ಐ ಗಾಳಿ ಸಾಕು. ಅಲ್ಲಿನ ಪಂಪುಗಳು ಬಾರ್ ಲೆಕ್ಕದಲ್ಲಿ ತೋರಿಸುತ್ತವೆ, ಒಂದು ಬಾರ್ ಅಂದರೆ ಹದಿನಾಲ್ಕೂವರೆ ಪಿಎಸ್‌ಐ, ಹಾಗಾಗಿ ಮೂರೂವರೆ ಬಾರ್ ಎಂದಿಟ್ಟುಕೊಳ್ಳಿ. ನಮ್ಮ ಹಳೆ ಸೈಕಲ್ಲಿನ ವಾಲ್ವ್‌ಟ್ಯೂಬಿನ ವಾಲ್ವು ಅಲ್ಲಿ ನಡೆಯದು. ಸಿಗುವುದು ತುದಿ ಸಡಿಲಿಸಿ ಗಾಳಿ ತುಂಬುವ ಸಪೂರ ಪ್ರೆಸ್ಟಾ, ಇಲ್ಲವೇ ಬೈಕಿನಲ್ಲಿರುವಂಥ ಶ್ರೇಡರ್. ಎರಡಕ್ಕೂ ಒಗ್ಗುವ ಪಂಪು ಇರಲಿ. ಬೇಲಿ ಕತ್ತರಿಸುವ ಕಾಲದಲ್ಲಿ ದಾರಿಯ ಮೇಲೆ ಬಿದ್ದ ಮುಳ್ಳೇ ಹೆಚ್ಚಿನ ಪಂಕ್ಚರಿಗೆ ಕಾರಣ. ಟ್ಯೂಬು ಬದಲಿಸುವ ಮೊದಲು ಟಯರಿನ ಒಳಮೈಯನ್ನು ಬೆರಳಿನಿಂದ ಒಂದು ಸುತ್ತು ಸವರಿ ನೋಡಬೇಕು, ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದರೆ ಹೊಸ ಟ್ಯೂಬೂ ಹೋಗುತ್ತದೆ. ಎರಡು ಟ್ಯೂಬು, ಪ್ಯಾಚು, ಟಯರ್ ಲಿವರು, ಅಲೆನ್ ಕೀ ಗೊಂಚಲು, ನಿಮ್ಮ ಚೈನಿಗೆ ಹೊಂದುವ ಜೋಡು ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡು, ಒಂದು ಡೀರೈಲರ್ ಹ್ಯಾಂಗರ್, ಕ್ಯಾರಿಯರಿನ 5 ಮಿ.ಮೀ. ಬೋಲ್ಟು ನಾಲ್ಕು, ಇಷ್ಟು ಜೊತೆಗಿರಲಿ. ಹ್ಯಾಂಗರ್ ಒಂದೊಂದು ಸೈಕಲ್ಲಿಗೂ ಬೇರೆ ಆಕಾರದ್ದು. ಅದು ಹಳ್ಳಿಯ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಕ್ಯಾರಿಯರಿನ ಬೋಲ್ಟುಗಳನ್ನು 4 ಮಿ.ಮೀ. ಅಲೆನ್ ಕೀಯಿಂದ ದಿನಾ ಸಂಜೆ ಒಮ್ಮೆ ಬಿಗಿ ನೋಡಿ.

ರೈಲಿನ ವಿಚಾರ. ಪ್ರಾದೇಶಿಕ ‘ತೆ ಎ ಎರ್’ ಗಾಡಿಗಳಲ್ಲಿ ಸೈಕಲ್ಲಿಗೆ ಸಾಮಾನ್ಯವಾಗಿ ಹಣವಿಲ್ಲ. ನಿಯಮ ಮಾತ್ರ ಪ್ರಾಂತಕ್ಕೊಂದು, ಬೇಸಿಗೆಯಲ್ಲಿ ಕೆಲವು ಕಡೆ ಮುಂಗಡ ಕಾದಿರಿಸಬೇಕು. ವೇಗದ ತೆಜೆವೆ ಗಾಡಿಗಳಲ್ಲಿ ಸೈಕಲ್ ಜಾಗ ಕೆಲವೇ ಇರುವುದು, ಅದಕ್ಕೆ ಬೇರೆ ಟಿಕೆಟ್ಟು. ಇಲ್ಲವಾದರೆ ಚಕ್ರ ಬಿಚ್ಚಿ ಚೀಲದೊಳಗೆ ಹಾಕಿ ಲಗೇಜಿನಂತೆ ಒಯ್ಯಬೇಕು. ಬಹಳಷ್ಟು ಬೋಗಿಗಳಲ್ಲಿ ಸೈಕಲ್ಲನ್ನು ಮುಂದಿನ ಚಕ್ರ ಹಿಡಿದು ಎತ್ತಿ ಕೊಕ್ಕೆಗೆ ನೇತುಹಾಕಬೇಕಾಗುತ್ತದೆ. ಸಾಮಾನು ಸಮೇತ ಎತ್ತಲಾಗದು, ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಪ್ಲಾಟ್‌ಫಾರ್ಮಿನಲ್ಲೇ ಬ್ಯಾಗುಗಳನ್ನು ಕಳಚಿ, ಪಟ್ಟಿ ಕಟ್ಟಿ ಒಂದೇ ಕಟ್ಟು ಮಾಡಿಕೊಂಡು, ಬೋಗಿಯ ಬಾಗಿಲ ಪಕ್ಕ ಸೈಕಲ್ ಚಿತ್ರ ಎಲ್ಲಿದೆಯೆಂದು ನೋಡಿ ನಿಂತಿರಬೇಕು. ಇಬ್ಬರಿದ್ದರೆ ಒಬ್ಬರು ಒಳಗೆ ಹತ್ತಿ ಸೈಕಲ್ ಎಳೆದುಕೊಳ್ಳಲಿ, ಇನ್ನೊಬ್ಬರು ಕೆಳಗಿನಿಂದ ದೂಡಲಿ, ಬ್ಯಾಗು ಕೊನೆಗೆ.

ಅಲ್ಲಿ ಬಲಬದಿಯ ಸಂಚಾರ. ವಾಹನವಿಲ್ಲದ ದಾರಿಯಲ್ಲಿ ಹತ್ತು ಕಿ.ಮೀ. ನೆಮ್ಮದಿಯಿಂದ ಬಂದ ಮೇಲೆ ಒಂದು ರಸ್ತೆ ಅಡ್ಡ ಬರುತ್ತದೆ. ಅಪಾಯ ಇರುವುದು ಅಲ್ಲಿ. ನಮ್ಮ ಕಣ್ಣು ಅಭ್ಯಾಸಬಲದಿಂದ ಮೊದಲು ಬಲಕ್ಕೆ ಹೊರಳುತ್ತದೆ, ಕಾರು ಬರುವುದು ಎಡದಿಂದ. ಇಂಥ ಕಡೆ ಹೆಚ್ಚಾಗಿ ನಿಲ್ಲಬೇಕಾದವರು ಸೈಕಲ್ಲಿನವರೇ, ಅದಕ್ಕೆ ಫಲಕವೂ ಇರುತ್ತದೆ. ಒಂದು ಕಾಲು ನೆಲಕ್ಕೆ ಊರಿ, ಎಡಕ್ಕೆ ನೋಡಿ, ಆಮೇಲೆ ದಾಟುವುದು. ಸೈಕಲ್ಲಿಗೆ ಗಂಟೆ, ದೀಪ, ಪ್ರತಿಫಲಕ ಕಡ್ಡಾಯ. 2017ರಿಂದ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ಟೂ ಕಡ್ಡಾಯ. ಊರ ಹೊರಗೆ ರಾತ್ರಿ ಹೊತ್ತು ಹೊಳೆಯುವ ಜಾಕೆಟ್ಟು ಹಾಕಿರಬೇಕು. ತುರ್ತಿಗೆ 112.

ಊಟದ ಸಮಯ ಅಲ್ಲಿ ಕಟ್ಟುನಿಟ್ಟು. ಹಳ್ಳಿ ಹೋಟೆಲಿನಲ್ಲಿ ಮಧ್ಯಾಹ್ನ 12ರಿಂದ 2ರ ಒಳಗೆ ಕೂರದಿದ್ದರೆ ಸಂಜೆವರೆಗೆ ಏನೂ ಸಿಗದು. ಭಾನುವಾರ ಮಧ್ಯಾಹ್ನದಿಂದ ಅಂಗಡಿ ಮುಚ್ಚುತ್ತವೆ, ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ಶನಿವಾರವೇ ಬ್ರೆಡ್ಡು, ಚೀಸು, ಹಣ್ಣು, ಬಾದಾಮಿ ಕೊಂಡಿಡುವುದು ಸಸ್ಯಾಹಾರಿಗಳಿಗೆ ಅಗತ್ಯ. ಗಂಜಿ ಬೇಯಿಸಿಕೊಳ್ಳುವ ಆಸೆಯಿದ್ದರೆ ಸ್ಟವ್ ಒಯ್ಯಬಹುದು, ಗ್ಯಾಸ್ ಡಬ್ಬಿ ವಿಮಾನದಲ್ಲಿ ಸಲ್ಲದು. ಅಲ್ಲಿ ಮಾರುಕಟ್ಟೆಗಳಲ್ಲಿ ಹೆಚ್ಚಾಗಿ ಇಡುವುದು ಕ್ಲಿಕ್ ಮಾಡಿ ಕೂರಿಸುವ ಕ್ಯಾಂಪಿಂಗಾಜ್ ಡಬ್ಬಿ. ತಿರುಗಿಸಿ ಬಿಗಿಯುವ ಮರೆಯಿರುವ ಸ್ಟವ್ ಅದಕ್ಕೆ ಕೂರುವುದಿಲ್ಲ, ಮರೆ ಡಬ್ಬಿಗೆ ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿಗೆ ಹೋಗಬೇಕು. ಕುಡಿಯುವ ನೀರು ಹಳ್ಳಿಯ ಸ್ಮಶಾನದ ಗೇಟಿನ ಒಳಗಿನ ನಲ್ಲಿಯಲ್ಲಿ ಸಿಗುತ್ತದೆ, ಅಲ್ಲಿನ ಸವಾರರೆಲ್ಲ ಮಾಡುವುದೂ ಇದನ್ನೇ. ‘ನೋನ್ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು. ತಂಗಲು ‘ಅಕ್ಯೊಯ್ ವೆಲೊ’ ಫಲಕವಿರುವ ಜಾಗ ಹುಡುಕಿ. ಗುರುತಿಸಿದ ಮಾರ್ಗದಿಂದ 5 ಕಿ.ಮೀ. ಒಳಗಿದ್ದು, ಸೈಕಲ್ ಇಡಲು ಭದ್ರ ಕೋಣೆ ಮತ್ತು ರಿಪೇರಿ ಸಲಕರಣೆ ಇರುವ ಕಡೆಗೆ ಮಾತ್ರ ಆ ಫಲಕ ಕೊಡುತ್ತಾರೆ.

ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. 30,000 ಯೂರೊ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಸೈಕಲ್ ಪ್ರವಾಸವನ್ನು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣ ಅಕ್ಷರ ಓದಿ ನೋಡಿ.

ಈಗ ನಮ್ಮ ಊರಿನ ಮಾತು. ಫ್ರಾನ್ಸಿನವರು ಹೊಸ ನೆಲ ಹುಡುಕದೆ, ನೂರಾರು ವರ್ಷ ಕೂತು ಗಟ್ಟಿಯಾದ ನೆಲವನ್ನು ಬಳಸಿದರು. ಕರಾವಳಿಯಲ್ಲಿ ಬಿಟ್ಟುಹೋದ ರೈಲು ಮಾರ್ಗ ಇಲ್ಲ ನಿಜ. ಆದರೆ ಕುಂದಾಪುರ ಕಡೆಯ ವಾರಾಹಿ ಕಾಲುವೆಯ ಪಕ್ಕದ ತಪಾಸಣಾ ದಾರಿ ಇದೆ. ಹಿನ್ನೀರಿನ ಉದ್ದಕ್ಕೆ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ಖಾರ್‌ಲ್ಯಾಂಡ್ ಒಡ್ಡುಗಳಿವೆ. ಇವುಗಳ ಮೇಲೆ ಜನ ಈಗಲೂ ನಡೆದು, ಸೈಕಲ್ ತುಳಿದು ಹೋಗುತ್ತಾರೆ. ಕಡಲಿಗೆ ಮುಖ ಮಾಡಿ ಹಣ ಸುರಿಯುವುದಕ್ಕಿಂತ ಹಿನ್ನೀರಿನ ಬದಿ ಬಹಳ ಮೇಲು. ಉಳ್ಳಾಲ, ಪಡುಬಿದ್ರಿ, ಮರವಂತೆಯಲ್ಲಿ ಕಡಲ್ಕೊರೆತ ಏನು ಮಾಡಿದೆಯೆಂದು ಎಲ್ಲರೂ ಕಂಡಿದ್ದಾರೆ. ಅಲೆಗೆ ಎದುರಾಗಿ ಹಾಸಿದ ಇಂಟರ್‌ಲಾಕ್ ಅಡಿಯ ಮರಳು ತೊಳೆದುಹೋದರೆ ಒಂದೇ ಮಳೆಗಾಲಕ್ಕೆ ಕುಸಿಯುತ್ತದೆ.

ಅಲ್ಲಿನ ವಿನ್ಯಾಸವನ್ನು ಕಣ್ಣು ಮುಚ್ಚಿ ನಕಲು ಮಾಡುವುದೂ ಸರಿಯಲ್ಲ. ಒಂದು ಉದಾಹರಣೆ ಸಾಕು. ಫ್ರಾನ್ಸಿನಲ್ಲಿ ರಸ್ತೆ ದಾಟುವಲ್ಲಿ ಕಾರು ನುಗ್ಗದಂತೆ ನಡುವೆ ಗೂಟ ನೆಟ್ಟು, ಎರಡು ಬದಿ ಒಂದೂವರೆ ಮೀಟರಿನಷ್ಟು ಜಾಗ ಬಿಟ್ಟರೆ ಸಾಕಾಗುತ್ತದೆ. ನಮ್ಮ ಆಟೋರಿಕ್ಷಾದ ಅಗಲ ಸುಮಾರು 1.3 ಮೀಟರ್, ಅದು ಆ ಸಂದಿಯಲ್ಲಿ ಸಲೀಸಾಗಿ ಒಳಗೆ ಬರುತ್ತದೆ. ಇಲ್ಲಿ ಸಂದಿ 1.2 ಮೀಟರ್ ಇರಬೇಕು. ಗಾಲಿಕುರ್ಚಿಗೂ ಬ್ಯಾಗು ಹೇರಿದ ಸೈಕಲ್ಲಿಗೂ ಅಷ್ಟು ಧಾರಾಳ. ಅದಕ್ಕಿಂತ ಕಿರಿದು ಮಾಡಿ ಸ್ಕೂಟರು ತಡೆಯಲು ಹೋದರೆ ಮೊದಲು ತಡೆಹಿಡಿಯುವುದು ಮೂರು ಗಾಲಿಯ ಸೈಕಲ್ಲನ್ನೂ ಗಾಲಿಕುರ್ಚಿಯನ್ನೂ. ಸ್ಕೂಟರಿಗೆ ದಂಡವೇ ಮದ್ದು. ಗೂಟಕ್ಕೆ ಪ್ರತಿಫಲಿಸುವ ಪಟ್ಟಿ ಇರಲೇಬೇಕು, ಮಬ್ಬು ಬೆಳಕಿನಲ್ಲಿ ಗೂಟಕ್ಕೆ ಬಡಿದು ಬೀಳುವವರು ಫ್ರಾನ್ಸಿನಲ್ಲೂ ಇದ್ದಾರೆ. ಒಡ್ಡಿನಾಚೆ ಮನೆ, ಗದ್ದೆ ಇರುವವರನ್ನು ಹೊರಗಿಡಕೂಡದು. ಅಲ್ಲಿ ಅಂಥ ತುಂಡುಗಳಲ್ಲಿ ‘ನಿವಾಸಿಗಳ ಹೊರತು’ ಎಂಬ ಫಲಕ ಹಾಕಿ ರೈತರ ಟ್ರ್ಯಾಕ್ಟರಿಗೆ ಅವಕಾಶ ಕೊಡುತ್ತಾರೆ, ಅದಕ್ಕೆಂದು ಬೀಗ ಹಾಕಿದ, ಎತ್ತಿ ತೆಗೆಯಬಹುದಾದ ಗೂಟ ಇಡುತ್ತಾರೆ. ಇಲ್ಲಿ ಬೀಗದ ಕೈ ಗ್ರಾಮ ಪಂಚಾಯತಿಯಲ್ಲಿ ಒಂದು, ಗದ್ದೆಯವರಲ್ಲಿ ಒಂದು ಇದ್ದರಾಯಿತು.

ಮೇಲ್ಮೈಗೆ ಜಲ್ಲಿ ಮರಳು ನಮ್ಮ ಮಳೆಗೆ ನಿಲ್ಲದು. ಮೂರು ಮೀಟರ್ ಅಗಲದ ಕಾಂಕ್ರೀಟು, ನೀರಿನ ಬದಿಗೆ ಸಣ್ಣ ಇಳಿಜಾರು, ಉದ್ದಕ್ಕೂ ಮೋರಿಗಳು. ಪಾಚಿ ಕಟ್ಟಿ ಜಾರುವುದು ಇಲ್ಲಿನ ದೊಡ್ಡ ತೊಂದರೆಯಾದ್ದರಿಂದ ಕಾಂಕ್ರೀಟು ಹಸಿಯಿರುವಾಗಲೇ ಪೊರಕೆ ಎಳೆದು ಅಡ್ಡ ಗೀರು ಮಾಡಬೇಕು, ನಯವಾದ ಟೈಲ್ಸ್ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಹುಲ್ಲು ಸವರಿ ಪಾಚಿ ಕೆರೆಸುವ ಖರ್ಚನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ವಾರಾಹಿ ಕಾಲುವೆ ದಂಡೆಯ ಮುಂದಿನ ದುರಸ್ತಿಗೆ ಟೆಂಡರು ಕರೆಯುವಾಗ ನೀರಾವರಿ ಅಧಿಕಾರಿಗಳು ಮೊದಲ ಹತ್ತು ಕಿಲೋಮೀಟರಿಗಾದರೂ ಈ ಅಳತೆಗಳನ್ನು ಬರೆಸಲಿ, ಪ್ರತಿ ಲಾಕ್‌ಗೇಟಿನ ಬದಲು ನಮ್ಮಲ್ಲಿರುವ ತೂಬುಗಳ ಬಳಿ ಒಂದೊಂದು ನೀರಿನ ನಲ್ಲಿಯನ್ನೂ ಕಿಲೋಮೀಟರ್ ಕಲ್ಲನ್ನೂ ಇಡಿಸಲಿ.

– ಇಬ್ಬರು ಸೈಕಲ್ ಸವಾರರು,
ಉಡುಪಿ